ಮದ್ದಳೆಯ ಚರ್ಮದ ಒಂದು ಚೂರು

ಸಮ್ಮೇಳನದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಘದ ಕಾರ್ಯದರ್ಶಿಗಳು ಮನೆಗೆ ಬಂದು ಕೇಳಿದಾಗ, ಗಡಿನಾಡಿನ ಕನ್ನಡದ ಕುರಿತು ಬರೆಯುತ್ತೇನೆಂದು ಒಪ್ಪಿಕೊಂಡಿದ್ದೆ. ಬರೆಯಲು ಕುಳಿತಾಗ ಲೇಖನಿ ಮುಂದೆ ಸಾಗಲಿಲ್ಲ. ಆ ವಿಷಯವಾಗಿ ನಾನು ಹೇಳಬೇಕಾದುದನ್ನೆಲ್ಲ ಹಿಂದಿನ ಸಂಚಿಕೆಗಳಲ್ಲಿ ಹೇಳಿದ್ದೇನೆ. ಓದಿದವರು ತಲೆದೂಗಿಯೂ ಇದ್ದಾರೆ. ಈ ಸಲ ನೆನಪಿಗೆ ಬಂದದ್ದು ಎರಡು ಕೋವಿಗಳು. ಒಂದು ನನ್ನ ತಂದೆಯವರದು, ಇನ್ನೊಂದು ಸರಕಾರದ್ದು. ಎರಡರ ಮರವೂ ಸಡಿಲವಾಗಿತ್ತು. ಒಂದನ್ನು ತಂದೆಯವರು ಸರಿಪಡಿಸಿದರು, ಇನ್ನೊಂದನ್ನು ನಾನು ಕೆಡಿಸಿದೆ. ಸಾಹಿತ್ಯದ ಸಂಚಿಕೆಯಲ್ಲಿ ಕೋವಿಗೇನು ಕೆಲಸ ಎಂದು ಕೇಳುವವರು ಕೊನೆಯವರೆಗೆ ತಾಳ್ಮೆಯಿಂದ ಓದಬೇಕೆಂದು ವಿನಂತಿ.

ನಮ್ಮದು ಕಾಸರಗೋಡಿನ ಒಳನಾಡಿನಲ್ಲಿ ಒಂದು ಸಣ್ಣ ಅಡಿಕೆ ತೋಟ. ನಾನು 1950ರಲ್ಲಿ ಹುಟ್ಟಿದವನು. ಆಗ ನಮ್ಮ ತಾಲೂಕು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಮನೆಮಾತು ತುಳು, ಓದುಬರಹ ಕನ್ನಡ, ಕಚೇರಿಯ ವ್ಯವಹಾರಕ್ಕೆ ಮಲಯಾಳ. ಹಗಲಿನಲ್ಲಿ ಮಂಗಗಳ ಕಾಟ, ರಾತ್ರಿ ಕಾಡುಹಂದಿಗಳ ಹಾವಳಿ. ಬೆಳೆಯ ರಕ್ಷಣೆಗೆಂದು ತಂದೆಯವರು ಪರವಾನಿಗೆ ಪಡೆದು ಒಂದು ಕೇಪಿನ ಕೋವಿಯನ್ನು ಇಟ್ಟುಕೊಂಡಿದ್ದರು. ತುಳುವಿನಲ್ಲಿ ನಾವು ಅದನ್ನು ಬೆಡಿ ಎನ್ನುತ್ತಿದ್ದೆವು. ನಳಿಗೆಯ ಬಾಯಿಯಿಂದ ಮದ್ದು ತುಂಬಿ, ತೆಂಗಿನ ನಾರನ್ನು ಗಜದಿಂದ ಜಡಿಯುವ ಹಳೆಯ ಕಾಲದ ಕೋವಿ. ಹೆಚ್ಚಿನ ದಿನಗಳಲ್ಲಿ ಅದರಿಂದ ಹೊರಟದ್ದು ಬರಿಯ ಸದ್ದು. ಆ ಸದ್ದಿಗೆ ಮಂಗಗಳು ಆಚೆಯ ತೋಟಕ್ಕೆ ಹೋಗುತ್ತಿದ್ದವು. ಅಲ್ಲಿಯ ಸದ್ದಿಗೆ ಮರಳಿ ನಮ್ಮಲ್ಲಿಗೆ ಬರುತ್ತಿದ್ದವು.

1962ರ ಬೇಸಗೆಯಲ್ಲಿ ಆ ಕೋವಿಯನ್ನು ಎತ್ತಿದರೆ ನಳಿಗೆ ಮತ್ತು ಮರ ಸೇರುವಲ್ಲಿ ‘ಕಟ್’ ಎಂಬ ಸಣ್ಣ ಶಬ್ದ ಕೇಳಿಸತೊಡಗಿತು. ಊಟಕ್ಕೆ ಬಂದಿದ್ದ ನನ್ನ ಸೋದರಮಾವ ಕೋವಿಯನ್ನು ಅಲುಗಾಡಿಸಿ ನೋಡಿ, “ತಿರುಪು ಸಡಿಲ ಆಗಿದೆ. ಎರಡು ಸುತ್ತು ಬಿಗಿದುಬಿಡಿ ಭಾವ” ಎಂದರು. ತಂದೆಯವರು ಒಪ್ಪಲಿಲ್ಲ. “ಬಿಗಿದರೆ ಮರ ಸೀಳುತ್ತದೆ. ತಿರುಪು ಇದ್ದಲ್ಲೇ ಇದೆ ಭಾವ. ಒಳಗೆ ಎಲ್ಲಿಯೋ ಎಡೆ ಬಿದ್ದಿದೆ. ಅದು ಎಲ್ಲಿ ಎಂದು ಮೊದಲು ನೋಡುವ” ಎಂದರು.

ಅವರು ಮೊದಲು ಮಾಡಿದ್ದು ಗಜವನ್ನು ನಳಿಗೆಯೊಳಗೆ ಇಳಿಬಿಟ್ಟು ನೋಡಿದ್ದು. ಗಜ ತಳ ಮುಟ್ಟುವಷ್ಟು ಇಳಿದರೆ ಕೋವಿ ಖಾಲಿ. ಮೇಲೆಯೇ ನಿಂತರೆ ಒಳಗೆ ಮದ್ದಿದೆ. ತಾವೇ ಖಾಲಿ ಮಾಡಿ ಇಟ್ಟ ಕೋವಿಯನ್ನೂ ಅವರು ಪ್ರತಿ ಸಲವೂ ಹೀಗೆ ಪರೀಕ್ಷಿಸುತ್ತಿದ್ದರು. ಬಳಿಕ ನಳಿಗೆಯನ್ನು ಮರದಿಂದ ಬಿಚ್ಚಿ, ಅದರ ಬುಡದ ಕಬ್ಬಿಣಕ್ಕೆ ಚಿಮಿಣಿಯ ಮಸಿಯನ್ನು ತೆಳ್ಳಗೆ ಸವರಿ, ಮತ್ತೆ ಮರದಲ್ಲಿ ಕೂರಿಸಿ ಒತ್ತಿ ತೆಗೆದರು. ಕಬ್ಬಿಣ ತಾಗಿದಲ್ಲಿ ಮರ ಕಪ್ಪಾಗಿತ್ತು, ತಾಗದಲ್ಲಿ ಬೆಳ್ಳಗಿತ್ತು. ಬುಡದ ಹಿಂಭಾಗ ಆನಿಕೊಳ್ಳಬೇಕಾದ ಜಾಗವೇ ಬೆಳ್ಳಗಿತ್ತು. ಪ್ರತಿ ಈಡಿಗೂ ನಳಿಗೆ ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನೆಲ್ಲ ತಾಳಿಕೊಂಡು ಮರ ಅಲ್ಲಿ ಜಜ್ಜಿಹೋಗಿತ್ತು. ತುಕ್ಕು ಬಾರದಿರಲೆಂದು ವರ್ಷಾನುಗಟ್ಟಲೆ ಹಚ್ಚಿದ ಎಣ್ಣೆಯೂ ಇಳಿದು ಅದನ್ನು ಮೆತ್ತಗೆ ಮಾಡಿತ್ತು.

ಎಣ್ಣೆಯನ್ನು ಹೀರಿಸಲು ನನ್ನ ಶಾಲೆಯ ಸೀಮೆಸುಣ್ಣದ ತುಂಡುಗಳು ಪುಡಿಯಾದವು. ಎರಡು ದಿನ ಪುಡಿ ತುಂಬಿ ಬಿಸಿಲಿಗಿಟ್ಟ ಮೇಲೆ ಎಡೆಯನ್ನು ತುಂಬಲು ವಸ್ತು ಬೇಕಾಯಿತು. ಬಿದಿರಿನ ಸೀಳು ಒದೆತಕ್ಕೆ ಸಿಬಿರೇಳುತ್ತದೆ, ಕಾಗದ ಹಿಟ್ಟಾಗುತ್ತದೆ ಎಂದು ಅವೆರಡನ್ನೂ ಬಿಟ್ಟರು. ನೆರೆಮನೆಯವರು ಯಕ್ಷಗಾನಕ್ಕೆ ಮದ್ದಳೆ ನುಡಿಸುವವರು. ಅವರ ಚಾವಡಿಯಲ್ಲಿ ಮುಚ್ಚಿಗೆ ಬದಲಾಯಿಸಿದಾಗ ಉಳಿದ ಹಳೆಯ ಚರ್ಮದ ತುಂಡೊಂದು ಬಿದ್ದಿತ್ತು. ವರ್ಷಗಟ್ಟಲೆ ಪೆಟ್ಟು ತಿಂದು ಹದಗೊಂಡ ಆ ಚರ್ಮದಿಂದ ಎಂಟಾಣೆಯ ಅರ್ಧದಷ್ಟು ಅಗಲದ ಚೂರೊಂದನ್ನು ತಂದೆಯವರು ಪೀಶಕತ್ತಿಯಲ್ಲಿ ಕತ್ತರಿಸಿ ಎಡೆಯಲ್ಲಿಟ್ಟರು. ಮತ್ತೆ ಮಸಿ, ಮತ್ತೆ ಒತ್ತಿ ನೋಡುವುದು. ಮೊದಲು ದಪ್ಪವಾಯಿತು, ಹೆರೆದರು. ಮೂರನೆಯ ಸಲ ಕಪ್ಪು ಎಲ್ಲೆಡೆ ಸಮನಾಗಿ ಬಂತು. ಅಂಟು ಹಾಕುವುದಿಲ್ಲವೇ ಎಂದು ಕೇಳಿದೆ. “ಅಂಟಿಸಿದರೆ ನಾಳೆ ತೆಗೆಯುವುದು ಹೇಗೆ ಮಗಾ? ಇದೂ ಒಂದು ದಿನ ಸವೆಯುತ್ತದೆ” ಎಂದರು. ಕೊನೆಯಲ್ಲಿ ತಿರುಪನ್ನು ಎರಡು ಬೆರಳಿನ ಬಲದಲ್ಲಿ ತಿರುಗಿಸಿದರು, ಅಷ್ಟೆ. ಆ ‘ಕಟ್’ ಶಬ್ದ ನಿಂತಿತು.

ಮುಂದೆ ನಾನು ಬಿ.ಎ., ಬಿ.ಎಡ್. ಮುಗಿಸಿ 1973ರಲ್ಲಿ ಅಧ್ಯಾಪಕನಾದೆ. ಕೆಲವು ವರ್ಷಗಳ ಬಳಿಕ ನಾಗಪುರದ ಬಳಿಯ ಕಾಮ್ಟಿಯಲ್ಲಿ ತರಬೇತಿ ಪಡೆದು ಶಾಲೆಯ ಎನ್‌ಸಿಸಿ ಅಧಿಕಾರಿಯೂ ಆದೆ. ಶಾಲೆಯ ಕಪಾಟಿನಲ್ಲಿ ಹನ್ನೆರಡು .303 ಲೀ-ಎನ್‌ಫೀಲ್ಡ್ ಕೋವಿಗಳಿದ್ದವು. ಗುಂಡು ಹಾರಿಸಲಾಗದಂತೆ ಮಾಡಿ, ಕವಾಯತಿಗಷ್ಟೇ ಕೊಟ್ಟವು. ಅವುಗಳಲ್ಲಿ ಏಳನೆಯದು ಒಂಬತ್ತನೆಯ ತರಗತಿಯ ಒಬ್ಬ ಸಂಕೋಚದ ಹುಡುಗನ ಪಾಲಿಗೆ ಬಂದಿತ್ತು. ‘ಬಾಜು ಶಸ್ತ್ರ’ ಎಂದು ಆಜ್ಞೆ ಕೊಟ್ಟರೆ ಹನ್ನೊಂದು ಕೋವಿಗಳು ಒಂದೇ ಸದ್ದು ಮಾಡಿ ನೆಲ ಮುಟ್ಟುತ್ತಿದ್ದವು. ಅವನದು ಅರೆಗಳಿಗೆ ತಡವಾಗಿ ಮತ್ತೊಂದು ಸದ್ದು ಹೊರಡಿಸುತ್ತಿತ್ತು. ಗಮನವಿಲ್ಲದ ಹುಡುಗನೆಂದು ನಾನು ಅವನನ್ನು ಎಲ್ಲರೆದುರು ಎರಡು ಮೂರು ಸಲ ಗದರಿದೆ. ಅವನು ತಲೆತಗ್ಗಿಸಿದನೇ ಹೊರತು ಒಂದು ಮಾತೂ ಆಡಲಿಲ್ಲ. 1979ರ ಗಣರಾಜ್ಯೋತ್ಸವಕ್ಕೆ ಎರಡು ದಿನಗಳಿರುವಾಗ ಆ ಕೋವಿಯನ್ನು ನಾನೇ ಕೈಗೆತ್ತಿಕೊಂಡೆ. ಭುಜಕ್ಕೆ ಆನಿಸುವ ಹಿಂಭಾಗದ ಮರ ಅಲುಗಾಡುತ್ತಿತ್ತು. ತಪ್ಪು ಹುಡುಗನದಾಗಿರಲಿಲ್ಲ.

ನಾಚಿಕೆಯಾದವನಿಗೆ ಅವಸರ ಹೆಚ್ಚು. ಆ ಕೋವಿಯ ಮರ ಎರಡು ತುಂಡಿನದು. ಹಿಂಭಾಗದ ಮರದೊಳಗೆ ಹಾಯ್ದ ಉದ್ದನೆಯ ಬೋಲ್ಟು ಅದನ್ನು ಕಬ್ಬಿಣದ ಒಡಲಿಗೆ ಹಿಡಿದಿಡುತ್ತದೆ. ಹಿತ್ತಾಳೆಯ ಹಿಂದಗಡಿನಲ್ಲಿ ಒಂದು ಚಿಕ್ಕ ಬಾಗಿಲಿದೆ; ಎಣ್ಣೆಯ ಸೀಸೆಯನ್ನೂ ನಳಿಗೆ ಶುಚಿಮಾಡುವ ಹುರಿಯನ್ನೂ ಇಡುವ ಪೊಳ್ಳು ಅದರ ಹಿಂದೆ. ಅವೆರಡನ್ನೂ ತೆಗೆದು, ತಳದ ಚರ್ಮದ ಬಿಲ್ಲೆಯನ್ನು ಕಿತ್ತರೆ ಬೋಲ್ಟಿನ ತಲೆ ಸಿಗುತ್ತದೆ. ಉದ್ದನೆಯ ತಿರುಪುಳಿಯನ್ನು ತರಿಸಿ, ಹುಡುಗನ ಕೈಯಲ್ಲಿ ಕೋವಿಯನ್ನು ಹಿಡಿಸಿ, ಬಲ ಹಾಕಿ ತಿರುಗಿಸಿದೆ. ಕಾಲು ಸುತ್ತು ತಿರುಗುವಷ್ಟರಲ್ಲಿ ಒಣ ಕಡ್ಡಿ ಮುರಿದಂಥ ಸದ್ದು ಕೇಳಿಸಿತು. ಮುಂಭಾಗದ ಮರದ ಹಿಂತುದಿಯಲ್ಲಿ ಒಂದು ಬಿರುಕು ಮೂಡಿತ್ತು.

ಕಾರಣ ತಿಳಿದದ್ದು ಆಮೇಲೆ. ಆ ಬೋಲ್ಟಿನ ತುದಿ ಚೌಕಾಕಾರದ್ದು. ಅದು ಕಬ್ಬಿಣದ ಒಡಲನ್ನು ದಾಟಿ, ಮುಂಭಾಗದ ಮರದಲ್ಲಿ ಕೂತ ಒಂದು ಸಣ್ಣ ತಗಡಿನೊಳಗೆ ಹೊಂದಿಕೊಂಡಿರುತ್ತದೆ. ತಾನಾಗಿ ಸಡಿಲಾಗದಿರಲಿ ಎಂದು ಮಾಡಿದ ಏರ್ಪಾಟು. ಆದ್ದರಿಂದ ಮುಂಭಾಗದ ಮರವನ್ನು ಮೊದಲು ಬಿಚ್ಚಿ ತೆಗೆದೇ ಬೋಲ್ಟನ್ನು ಮುಟ್ಟಬೇಕು. ಬಿಚ್ಚದೆ ತಿರುಗಿಸಿದರೆ ಚೌಕದ ಮೂಲೆಗಳು ಮರವನ್ನು ಸೀಳುತ್ತವೆ.

ಬಿರುಕು ಕೂದಲೆಳೆಯಷ್ಟು ತೆಳ್ಳಗಿತ್ತು. ಹಲಸಿನ ಮೇಣ ತುಂಬಿ ಮೇಲೆ ಕಂದು ಪಾಲಿಶ್ ಉಜ್ಜಿದರೆ ತಪಾಸಣೆಯಲ್ಲಿ ಯಾರ ಕಣ್ಣಿಗೂ ಬೀಳದು ಎಂಬ ಯೋಚನೆ ನನಗೆ ಬಂತೆಂದು ಇಂದು ಒಪ್ಪಿಕೊಳ್ಳುತ್ತೇನೆ. ಅಷ್ಟರಲ್ಲಿ ಆ ಹುಡುಗ ಮೆಲ್ಲನೆ ಕೇಳಿದ: “ಸರ್, ಇದನ್ನೂ ನಾನು ಮಾಡಿದ್ದು ಅಂತ ಆಗ್ತದಾ?”

ಆ ‘ಇದನ್ನೂ’ ಎಂಬ ಮಾತು ನನ್ನನ್ನು ಈಗಲೂ ಬಿಟ್ಟಿಲ್ಲ. ಅಂದೇ ಸಂಜೆ ದಾಖಲೆ ಪುಸ್ತಕದಲ್ಲಿ, ಏಳನೆಯ ಕೋವಿಯ ಮರ ನನ್ನ ಕೈಯಿಂದ, ನನ್ನ ಅಜ್ಞಾನದಿಂದ ಸೀಳಿದೆ ಎಂದು ಬರೆದು ಸಹಿ ಹಾಕಿದೆ. ಮರುದಿನ ಬಂದ ಹವಾಲ್ದಾರರು ಅದನ್ನು ಓದಿ, ಕೋವಿಯನ್ನು ಬಿಚ್ಚಿ ತೋರಿಸಿ, ಚೌಕದ ತುದಿಯ ರಹಸ್ಯವನ್ನು ವಿವರಿಸಿದರು. “ಮಾಷೆ, ಸಡಿಲ ಕಂಡಾಗಲೇ ನಮಗೊಂದು ಚೀಟಿ ಬರೆದಿದ್ದರೆ ಸಾಕಿತ್ತು” ಎಂದರು. ದಳದಲ್ಲಿ ಹನ್ನೊಂದು ಕೋವಿಗಳು ಉಳಿದವು. ಆಜ್ಞೆ ಕೊಡುತ್ತಿದ್ದವನನ್ನು ಏಳನೆಯ ಸ್ಥಾನದಲ್ಲಿ ನಿಲ್ಲಿಸಿದರೂ ಒಬ್ಬನಿಗೆ ಕೋವಿಯಿರಲಿಲ್ಲ. ಹಾಗಾಗಿ ಅವನು ಧ್ವಜದ ಬಳಿ ನಿಂತ, ನಮ್ಮ ಹುಡುಗ ದಳದ ಮುಂದೆ ನಿಂತು ಆಜ್ಞೆ ಕೊಟ್ಟ. ಅವನ ಗಂಟಲು ಅಷ್ಟು ಗಟ್ಟಿಯೆಂದು ಅಲ್ಲಿಯವರೆಗೆ ನಮಗಾರಿಗೂ ತಿಳಿದಿರಲಿಲ್ಲ. ಕೇಳಿದವರಾದರೂ ಯಾರು?

ಮನೆಯಲ್ಲಿ ತಂದೆಯವರಿಗೆ ಎಲ್ಲವನ್ನೂ ಹೇಳಿದೆ. “ನನ್ನ ಬೆಡಿಯನ್ನು ನಾನು ಹತ್ತು ಸಲ ಬಿಚ್ಚಿ ಕಟ್ಟಿದವ. ಅದರ ಒಳಗು ನನಗೆ ಗೊತ್ತು. ನೀನು ಒಳಗು ನೋಡದೆ ಬಲ ಹಾಕಿದೆ” ಎಂದಷ್ಟೇ ಹೇಳಿ ಅಡಿಕೆ ಸುಲಿಯುವುದನ್ನು ಮುಂದುವರಿಸಿದರು.

ಆ ಮಾತು ನನಗೆ ಪೂರ್ತಿ ಅರ್ಥವಾದದ್ದು ಇನ್ನೊಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯನಾದ ಮೇಲೆ. ಕನ್ನಡ ವಿಭಾಗದ ಮಕ್ಕಳ ಕನ್ನಡ ವರ್ಷದಿಂದ ವರ್ಷಕ್ಕೆ ಸಡಿಲವಾಗುತ್ತಿತ್ತು. ಶಾಲೆಯ ಆವರಣದಲ್ಲಿ ಕನ್ನಡವನ್ನೇ ಮಾತನಾಡಬೇಕೆಂದು ಕಟ್ಟಪ್ಪಣೆ ಮಾಡಿದೆ. ಮೊದಲ ವಾರ ಶಾಲೆ ಬಹಳ ಶಾಂತವಾಗಿತ್ತು. ಶಿಸ್ತು ಬಂತೆಂದು ಸಂತೋಷಪಟ್ಟೆ. ಎರಡನೆಯ ವಾರ ತಿಳಿಯಿತು: ಮಕ್ಕಳು ಮಾತನ್ನೇ ಬಿಟ್ಟಿದ್ದರು. ಒಣ ಕಡ್ಡಿ ಮುರಿದ ಆ ಸದ್ದು ನನಗೆ ಮತ್ತೊಮ್ಮೆ ಕೇಳಿಸಿದಂತಾಯಿತು.

ಅಪ್ಪಣೆಯನ್ನು ಹಿಂದೆಗೆದುಕೊಂಡು, ಎಡೆ ಎಲ್ಲಿದೆ ಎಂದು ನೋಡತೊಡಗಿದೆ. ತುಳು, ಕೊಂಕಣಿ, ಮಲಯಾಳ, ಹವ್ಯಕ ಮಾತಿನ ಮನೆಗಳಿಂದ ಬರುವ ಈ ಮಕ್ಕಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತಿತ್ತು. ಆದರೆ ಪಠ್ಯಪುಸ್ತಕವನ್ನು ಬಿಟ್ಟರೆ ಅವರ ಕಣ್ಣಿಗೆ ಕನ್ನಡ ಅಕ್ಷರ ಬೀಳುವ ಜಾಗವೇ ಇರಲಿಲ್ಲ. ಬಸ್ಸಿನ ಫಲಕ, ಅಂಗಡಿಯ ಹೆಸರು, ಟಿ.ವಿ. ಎಲ್ಲವೂ ಮಲಯಾಳದಲ್ಲಿದ್ದವು. ಅಷ್ಟು ಜಾಗ ಬೆಳ್ಳಗೆ ಉಳಿದಿತ್ತು. ದಿನದ ಕೊನೆಯ ಹದಿನೈದು ನಿಮಿಷಗಳನ್ನು ಅದಕ್ಕೆ ಮೀಸಲಿಟ್ಟೆವು. ಅಜ್ಜಿ ಮನೆಮಾತಿನಲ್ಲಿ ಹೇಳಿದ ಒಂದು ಸಂಗತಿಯನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು ತರಬೇಕು. ಇನ್ನೊಬ್ಬರು ಅದನ್ನು ಗಟ್ಟಿಯಾಗಿ ಓದಬೇಕು. ತಪ್ಪಿಗೆ ಅಂಕ ಕಳೆಯುವುದಿಲ್ಲ. ಶಾಲೆ ಉದ್ಧಾರವಾಯಿತೆಂದು ಹೇಳಲಾರೆ. ವಿಭಾಗದ ಮಕ್ಕಳ ಸಂಖ್ಯೆ ಇಳಿಯುವುದನ್ನು ನಾನು ತಡೆಯಲಾಗಲಿಲ್ಲ. ಆದರೆ ಓದುವಾಗ ಮಕ್ಕಳ ದನಿ ಕೇಳಿಸತೊಡಗಿತು.

ತಂದೆಯವರು 1991ರಲ್ಲಿ ತೀರಿಕೊಂಡರು. ಪರವಾನಿಗೆಯನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳುವ ಮನಸ್ಸಾಗದೆ ಕೋವಿಯನ್ನು ಠಾಣೆಗೆ ಒಪ್ಪಿಸಿದೆ. ಕೊಡುವ ಮುನ್ನ ಒಮ್ಮೆ ಅಲುಗಾಡಿಸಿ ನೋಡಿದೆ, ಸದ್ದಿರಲಿಲ್ಲ. ಪರವಾನಿಗೆಯ ಕಾಗದಗಳಿದ್ದ ಅವರ ತಗಡಿನ ಪೆಟ್ಟಿಗೆಯ ತಳದಲ್ಲಿ ಮದ್ದಳೆಯ ಆ ಹಳೆಯ ಚರ್ಮದ ಉಳಿದ ತುಂಡು ಸಿಕ್ಕಿತು. ಅದರ ಅಂಚಿನಲ್ಲಿ ಪೀಶಕತ್ತಿಯಿಂದ ಕತ್ತರಿಸಿ ತೆಗೆದ ನಾಲ್ಕು ಗುರುತುಗಳಿವೆ. ನಾನು ಕಂಡದ್ದು ಒಂದು ದುರಸ್ತಿ ಮಾತ್ರ. ಉಳಿದ ಮೂರನ್ನು ಅವರು ಯಾವಾಗ ಮಾಡಿದರೋ, ಯಾರಿಗೂ ಹೇಳಿರಲಿಲ್ಲ.

ಆ ತುಂಡು ಈಗ ನನ್ನ ಮೇಜಿನ ಮೇಲಿದೆ. ಇನ್ನೂ ಕೆಲವು ಚೂರುಗಳಾಗುವಷ್ಟು ಚರ್ಮ ಅದರಲ್ಲಿ ಉಳಿದಿದೆ.