ನಾನು ಮಾಡಿದ ಉಪದೇಶ

ಹಳೆಯ ವಿದ್ಯಾರ್ಥಿಯೊಬ್ಬನ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರನ್ನಾಗಲಿ ಅವನು ಓದಿದ ವರ್ಷವನ್ನಾಗಲಿ ಬರೆಯುವುದಿಲ್ಲ. ಗುರುತು ಹಿಡಿದವರು ದಯವಿಟ್ಟು ಸುಮ್ಮನಿರಬೇಕು.

2020ರಲ್ಲಿ ಅವನು ಪುಣೆಯಿಂದ ಬೈಲಹೊಂಗಲಕ್ಕೆ ಮರಳಿದ. ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ದುಡಿದವನು, ಲಾಕ್‌ಡೌನಿನಲ್ಲಿ ಕೆಲಸ ಕಳೆದುಕೊಂಡಿದ್ದ. ಮನೆಯಲ್ಲಿ ತಾಯಿ, ಹೆಂಡತಿ, ಇಬ್ಬರು ಮಕ್ಕಳು, ಸಾಲದ ಕಂತು. ಆ ವರ್ಷ ಮೇ 4ರಂದು ಮದ್ಯದಂಗಡಿಗಳು ಮತ್ತೆ ತೆರೆದಾಗ ನಿಂತ ಸರದಿ ನಿಮಗೆ ನೆನಪಿರಬಹುದು. ಅವನು ಮೊದಲೂ ಕುಡಿಯುತ್ತಿದ್ದ, ಆದರೆ ಸಂಜೆಗೆ. ಕೆಲಸ ಹೋದ ಮೇಲೆ ಬೆಳಗು ಸಂಜೆಯ ಭೇದ ಉಳಿಯಲಿಲ್ಲ.

ಅವನ ತಾಯಿ ನಮ್ಮ ಮನೆಗೆ ಬಂದು, “ಸರ, ನೀವ ಒಂದ ಮಾತ ಹೇಳ್ರಿ, ನಿಮ್ಮ ಮಾತ ಮೀರಂಗಿಲ್ಲ ಅಂವ” ಎಂದರು. ಚೆನ್ನಮ್ಮನ ಸಮಾಧಿಯ ಬಳಿ ಅವನನ್ನು ಕೂರಿಸಿಕೊಂಡು ಒಂದು ಗಂಟೆ ಮಾತನಾಡಿದೆ. 1829ರಲ್ಲಿ ಇದೇ ಊರಿನ ಸೆರೆಯಲ್ಲಿ ತೀರಿಹೋದ ರಾಣಿಯ ಧೈರ್ಯ, ಇಳಕಲ್ಲಿನ ಮಹಾಂತ ಶಿವಯೋಗಿಗಳ ಜೋಳಿಗೆ, ಮಕ್ಕಳ ಭವಿಷ್ಯ, ಒಂದನ್ನೂ ಬಿಡಲಿಲ್ಲ. “ಮನಸ್ಸು ಗಟ್ಟಿ ಮಾಡು, ನಾಳೆಯಿಂದ ಒಂದು ತೊಟ್ಟೂ ಮುಟ್ಟಬೇಡ” ಎಂದು ಮುಗಿಸಿದೆ. ತರಗತಿಯಲ್ಲಿ ಕೂತಂತೆ ತಲೆ ತಗ್ಗಿಸಿ ಕೇಳಿದ. ನನಗೆ ತೃಪ್ತಿಯಾಗಿತ್ತು.

ಅವನು ನನ್ನ ಮಾತನ್ನು ಅಕ್ಷರಶಃ ಪಾಲಿಸಿದ. ಮೂರನೆಯ ದಿನ ಕೈಕಾಲು ನಡುಗಿ, ಗೋಡೆಯ ಮೇಲೆ ಇಲ್ಲದ ಹುಳುಗಳು ಕಂಡು, ಫಿಟ್ಸ್ ಬಂದು ಬಿದ್ದ. ಧಾರವಾಡದ ಡಿಮ್ಹಾನ್ಸ್‌ಗೆ ಒಯ್ದರು. ಬಹುಕಾಲ ದಿನವಿಡೀ ಕುಡಿದವನು ವೈದ್ಯರ ನೆರವಿಲ್ಲದೆ ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ ಎಂಬುದು ಮೂವತ್ತೈದು ವರ್ಷ ಪಾಠ ಹೇಳಿದ ನನಗೆ ಅಂದು ತಿಳಿಯಿತು.

ಗುಣವಾಗಿ ಬಂದ ಮೇಲೆ ಅವನನ್ನು ಹಿಡಿದು ನಿಲ್ಲಿಸಿದ್ದು ಬೇರೆಯವರು. ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಬಳಗದ ಸಭೆಗಳು ಕೊರೊನಾದಿಂದಾಗಿ ಮೊಬೈಲಿನಲ್ಲೇ ನಡೆಯುತ್ತಿದ್ದವು. ಮೊದಲ ಸಂಜೆಯೇ ಯಾರೋ ಅಪರಿಚಿತರು, ಕೆಲಸ ಹೋದದ್ದನ್ನು ಮನೆಯಲ್ಲಿ ಹೇಳಲಾಗದೆ ತಿಂಗಳುಗಟ್ಟಲೆ ಬುತ್ತಿ ಕಟ್ಟಿಸಿಕೊಂಡು ಬಸ್ ನಿಲ್ದಾಣದಲ್ಲಿ ಕೂತು ಬರುತ್ತಿದ್ದುದನ್ನು ಹೇಳಿದರಂತೆ. “ನನ್ನ ಕಥಿನ ಹೇಳಾಕತ್ತಿದ್ರ ಸರ” ಎಂದ. ಬೆಳಗಾವಿಗೆ ಕೆಲಸ ಹುಡುಕಲು ಹೋಗುತ್ತೇನೆಂದು ಹೊರಟು ಇವನೂ ಹಾಗೆಯೇ ಕೂತು ಬಂದಿದ್ದನಂತೆ. “ನೀವ ಹೇಳಿದ್ದೆಲ್ಲಾ ನನಗ ಗೊತ್ತಿತ್ರಿ. ಗೊತ್ತಿದ್ದೂ ಬಿಡಾಕ ಆಗವಲ್ದಲ್ಲ ಅಂತ ಇನ್ನಷ್ಟ ನಾಚಿಕಿ ಆತ್ರಿ.”

ಆ ಬಳಗ ಹುಟ್ಟಿದ ಕಥೆಯನ್ನು ಆಮೇಲೆ ಓದಿದೆ. 1929ರ ಷೇರುಪೇಟೆ ಕುಸಿತದಲ್ಲಿ ಬಡವಾದ ಬಿಲ್ ವಿಲ್ಸನ್, ಕುಡಿತ ಬಿಟ್ಟು ಐದು ತಿಂಗಳಾಗಿದ್ದಾಗ, 1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಒಂದು ವ್ಯವಹಾರ ಕೈತಪ್ಪಿ ಹೋಟೆಲಿನಲ್ಲಿ ಒಬ್ಬನೇ ನಿಂತಿದ್ದ. ಒಂದು ಕಡೆ ಬಾರು, ಇನ್ನೊಂದು ಕಡೆ ಟೆಲಿಫೋನು. ಅವನು ಫೋನಿನ ಕಡೆ ನಡೆದು, ತನಗೆ ಉಪದೇಶಿಸುವವರನ್ನಲ್ಲ, ತನ್ನಂತೆಯೇ ಕುಡಿತದಿಂದ ನರಳುವ ಇನ್ನೊಬ್ಬನನ್ನು ಹುಡುಕಿದ. ಸಿಕ್ಕವರು ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು.

ಮಹಾಂತ ಶಿವಯೋಗಿಗಳ ವಿಷಯದಲ್ಲೂ ನಾನು ತಪ್ಪಿದ್ದೆ. ಅವರ ಜನ್ಮದಿನವಾದ ಆಗಸ್ಟ್ 1ರಂದು ‘ವ್ಯಸನಮುಕ್ತ ದಿನ’ ಆಚರಿಸುತ್ತೇವೆ, ಭಾಷಣ ಮಾಡುತ್ತೇವೆ. ಅವರಾದರೋ ಓಣಿ ಓಣಿ ತಿರುಗಿ, ಮನೆಯ ಬಾಗಿಲಲ್ಲಿ ನಿಂತು, ನಿಮ್ಮ ಚಟವನ್ನು ಇದರೊಳಗೆ ಹಾಕಿ ಎಂದು ಜೋಳಿಗೆ ಒಡ್ಡಿದವರು. ಬೇಡುವವನು ಎದುರಿನವನನ್ನು ನಾಚಿಸುವುದಿಲ್ಲ.

ಅವನೀಗ ಟ್ರ್ಯಾಕ್ಟರ್ ದುರಸ್ತಿಯ ಶೆಡ್ಡಿನಲ್ಲಿ ದುಡಿಯುತ್ತಾನೆ. 2022ರ ದಸರೆಯಲ್ಲಿ ಒಮ್ಮೆ ಜಾರಿದ, ಮತ್ತೆ ಎದ್ದ. ಕೆಲಸ ಕಡಿಮೆಯಾದ ವಾರ ಈಗಲೂ ನಿದ್ರೆ ಬರುವುದಿಲ್ಲವಂತೆ. ಅಂಥ ರಾತ್ರಿ ಬಳಗದವರಿಗೆ ಫೋನು ಮಾಡುತ್ತಾನೆ. 14416 ಎಂಬ ಸರ್ಕಾರದ ಟೆಲಿ ಮಾನಸ್ ಸಂಖ್ಯೆಯನ್ನು ಶೆಡ್ಡಿನ ಬಾಗಿಲ ಮೇಲೆ ಬರೆದಿದ್ದಾನೆ. ಕನ್ನಡದಲ್ಲೂ ಮಾತಾಡುತ್ತಾರೆ, ಉಚಿತ.

ಕಳೆದ ವಾರ ಗೋವೆಯಿಂದ ಕೆಲಸ ಕಳೆದುಕೊಂಡು ಬಂದ ಹುಡುಗನೊಬ್ಬನ ತಂದೆ, ಒಂದು ಮಾತು ಹೇಳಿರೆಂದು ಮಗನನ್ನು ಕರೆತಂದರು. ನಾನು ಶೆಡ್ಡಿಗೆ ಹೇಳಿಕಳಿಸಿದೆ. ಅವನು ಕೈಯ ಗ್ರೀಸು ಒರೆಸಿಕೊಳ್ಳುತ್ತಲೇ ಬಂದು ಹುಡುಗನ ಪಕ್ಕದಲ್ಲಿ ಕೂತ. ನಾನು ಚಹಾಕ್ಕೆ ಹೇಳಲು ಒಳಗೆ ಹೋದೆ. ಅರ್ಧ ಗಂಟೆ ಹೊರಗೆ ಬರಲಿಲ್ಲ.