ಅರ್ಥವಿಲ್ಲದ ಜೋಗುಳ

ಕಳೆದ ವಾರ ಕಾರಟಗಿಯ ನನ್ನ ವಿದ್ಯಾರ್ಥಿಯೊಬ್ಬ ತಾನು ಬರೆದ ವೈಜ್ಞಾನಿಕ ಕಥೆಯೊಂದನ್ನು ತಿದ್ದಿಕೊಡಲು ತಂದಿದ್ದ. ಕಥೆ ನಡೆಯುವುದು ಎರಡು ಸೂರ್ಯರಿರುವ ಒಂದು ಗ್ರಹದಲ್ಲಿ. ಅಲ್ಲಿ ರಾತ್ರಿಯೆಂಬುದೇ ಇಲ್ಲ. ಆದುದರಿಂದ ಕೂಸುಗಳನ್ನು ಮಲಗಿಸುವುದೇ ತಾಯಂದಿರಿಗೆ ದೊಡ್ಡ ಕೆಲಸ. ಅಂಥ ಒಬ್ಬ ತಾಯಿ ನಾಲ್ಕು ಸಾಲು ಹಾಡುತ್ತಾಳೆ. ಅದರ ಒಂದು ಪದವೂ ಭೂಲೋಕದ ಯಾವ ಭಾಷೆಗೂ ಸೇರಿದ್ದಲ್ಲ. ಕನ್ನಡ ಎಂ.ಎ. ಓದಿದವನ ಅಭ್ಯಾಸಬಲ, ಆ ಸಾಲುಗಳ ಪಕ್ಕದಲ್ಲಿ ಕೆಂಪು ಮಸಿಯಿಂದ ‘ಅರ್ಥವಿಲ್ಲ’ ಎಂದು ಬರೆದೆ.

“ಸರ್, ಜೋಗುಳಕ್ಕ ಅರ್ಥ ಯಾಕ ಬೇಕ್ರಿ?” ಎಂದ ಹುಡುಗ. ನಾಳೆ ಬಾ ಎಂದು ಹೇಳಿ ಕಳುಹಿಸಿದೆ.

ಉತ್ತರ ಆ ರಾತ್ರಿಯೇ ಮನೆಗೆ ಬಂದಿತು. ಎಂಟು ತಿಂಗಳ ನಮ್ಮ ಮಗಳು ಹಲ್ಲು ಬರುವ ಬಾಧೆಯಿಂದ ಒಂದೇ ಸಮನೆ ಅಳತೊಡಗಿದಳು. ಮನೆಯಾಕೆ ದಣಿದಿದ್ದಳು. ನಾನೇ ಎತ್ತಿಕೊಂಡು, ನನ್ನ ತಾಯಿ ಹಾಡುತ್ತಿದ್ದ ಜೋಗುಳವನ್ನು ಹಾಡಲು ಹೊರಟೆ. ತಾಯಿ ತೀರಿಕೊಂಡು ನಾಲ್ಕು ವರ್ಷವಾಯಿತು. ಜನಪದ ಜೋಗುಳಗಳ ಮೇಲೆ ಗಂಟೆಗಟ್ಟಲೆ ಪಾಠ ಹೇಳಿದ ನನಗೆ, ಅವಳ ಹಾಡಿನ ಒಂದು ಸಾಲೂ ನೆನಪಾಗಲಿಲ್ಲ. ಧಾಟಿಯೊಂದು ಮಾತ್ರ ಉಳಿದಿತ್ತು.

ಅಳು ಕೇಳಿ ನೆರೆಮನೆಯ ಅಜ್ಜಿ ಬಂದರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾಗಿ ಎಡದಂಡೆ ಕಾಲುವೆಯ ನೀರು ಈ ಸೀಮೆಗೆ ಹರಿದ ಮೇಲೆ, ಆಂಧ್ರದ ಕಡೆಯಿಂದ ಅನೇಕ ರೈತರು ಬಂದು ಇಲ್ಲಿ ನೆಲೆಸಿದರು. ಅವರ ಊರುಗಳನ್ನು ಇಂದಿಗೂ ‘ಕ್ಯಾಂಪು’ ಎಂದೇ ಕರೆಯುತ್ತಾರೆ. ಅಜ್ಜಿ ಅಂಥ ಒಂದು ಕ್ಯಾಂಪಿನವರು. ಮಗುವನ್ನು ಹೆಗಲಿಗೆ ಹಾಕಿಕೊಂಡು ತೆಲುಗಿನಲ್ಲಿ ಹಾಡತೊಡಗಿದರು. ನನಗೆ ಏನೂ ತಿಳಿಯಲಿಲ್ಲ. ಮಗಳಿಗೆ ಎಲ್ಲವೂ ತಿಳಿದಂತಿತ್ತು. ಹತ್ತು ನಿಮಿಷದಲ್ಲಿ ನಿದ್ರೆ ಹೋದಳು.

ಇದು ಅಜ್ಜಿಯೊಬ್ಬರ ಕೈಗುಣವಷ್ಟೇ ಅಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿಯ ಕೂಸುಗಳಿಗೆ ಅವು ಎಂದೂ ಕೇಳದ ಪರದೇಶದ ಹಾಡುಗಳನ್ನು ಕೇಳಿಸಿದರು. ಬೇರೆ ಹಾಡುಗಳಿಗಿಂತ ಜೋಗುಳಗಳನ್ನು ಕೇಳುವಾಗ ಕೂಸುಗಳ ಎದೆಬಡಿತ ಹೆಚ್ಚು ನಿಧಾನವಾಯಿತೆಂದು 2020ರಲ್ಲಿ ಪ್ರಕಟಿಸಿದರು.

ಅಂಗಳಕ್ಕೆ ಬಂದು ಆಕಾಶ ನೋಡಿದೆ. 1977ರಲ್ಲಿ ಹಾರಿಬಿಟ್ಟ ಎರಡು ವಾಯೇಜರ್ ನೌಕೆಗಳು ಚಿನ್ನದ ಲೇಪದ ಒಂದೊಂದು ಧ್ವನಿಮುದ್ರಿಕೆಯನ್ನು ಹೊತ್ತು ಅಲ್ಲೆಲ್ಲೋ ಸಾಗುತ್ತಿವೆ. ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಕನ್ನಡವೂ ಒಂದು. ತಾಯಿ-ಮಗುವಿನ ದನಿಯೂ ಇದೆ. ಮುಂದೆಂದಾದರೂ ಯಾರಾದರೂ ಕೇಳಿದರೆ, ನಮ್ಮ ಮಾತೆಲ್ಲ ಅವರಿಗೆ ಅರ್ಥವಿಲ್ಲದ್ದೇ. ಅವರ ಪಾಲಿಗೆ ನಾವೇ ಅನ್ಯಲೋಕದವರು!

ಮರುದಿನ ಹುಡುಗನೆದುರಿಗೇ ಕೆಂಪಕ್ಷರವನ್ನು ಹೊಡೆದುಹಾಕಿದೆ. ಅವನ ಮುಖ ಅರಳಿತು.

“ನಿನ್ನ ತಾಯಿ ಹಾಡುತ್ತಿದ್ದ ಜೋಗುಳವನ್ನು ಬರೆದಿಟ್ಟುಕೊಂಡಿದ್ದೀಯಾ?” ಎಂದು ಕೇಳಿದೆ.

“ಇಲ್ರಿ ಸರ್.”

“ಇವತ್ತೇ ಬರೆದುಕೋ.”

“ಅರ್ಥ ಬ್ಯಾಡ ಅಂದಮ್ಯಾಲ ಯಾಕ್ರಿ?” ಎಂದು ನಕ್ಕ.

ಜೋಗುಳದ ಪದಗಳು ತೊಟ್ಟಿಲ ಕೂಸಿಗೆ ಬೇಕಿಲ್ಲ. ಅವು ಬೇಕಾಗುವುದು ಆ ಕೂಸು ಬೆಳೆದು, ಹಾಡಿದ ತಾಯಿ ಇಲ್ಲವಾದ ಮೇಲೆ. ಇದನ್ನು ಅವನಿಗೆ ಹೇಳಲಾಗಲಿಲ್ಲ, ಗಂಟಲು ಕಟ್ಟಿತ್ತು. ಪುಸ್ತಕದ ಕೊನೆಯ ಖಾಲಿ ಹಾಳೆಯನ್ನು ತೆರೆದು ಅವನ ಕೈಗಿತ್ತೆ.