ನರಿ ಬಂದು ಹೋದ ಮೇಲೆ

ನಿನ್ನೆ ನಸುಕಿಗೆ ಗೂಡಿನ ಹತ್ತಿರ ಹೋದರೆ ಬರೀ ಪುಕ್ಕ. ಮೂರು ಹ್ಯಾಟೆ ಇಲ್ಲ. ಅದರಲ್ಲೊಂದು ಕಾವಿಗೆ ಕೂತಿತ್ತು, ಪಾಪ. ನರಿ ಬಲೆಯ ಅಡಿಯಿಂದ ಮಣ್ಣು ಕೆದರಿ ನುಗ್ಗಿದೆ. ತೆಳು ತಂತಿಬಲೆ ಕೋಳಿ ಆಚೆ ಹೋಗದಂತೆ ತಡೆಯಲಷ್ಟೇ ಸಾಕು. ಇವತ್ತು ವೆಲ್ಡ್ ಮೆಶ್ ತಂದು, ಗೂಡಿನ ಸುತ್ತ ಒಂದೂವರೆ ಅಡಿ ಹೊರಕ್ಕೆ ಹಾಸಿ, ಮಣ್ಣು ಮುಚ್ಚಿ ಕಲ್ಲು ಹೇರಿದೆ.

‘ವಿಷ ಇಟ್ಬಿಡಿ ಮಾರಾಯ್ರೆ’ ಅಂದರು ಪಕ್ಕದ ತೋಟದವರು. ಆಗದು. 2022ರ ತಿದ್ದುಪಡಿಯಿಂದ ನರಿ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ; ಕಾಯ್ದೆ ಇರದಿದ್ದರೂ ನಾನು ಇಡುತ್ತಿರಲಿಲ್ಲ. ಗದ್ದೆಯ ಇಲಿ ಹಿಡಿಯುವುದೂ ಅದೇ ನರಿ. ಎದ್ದ ಕೂಡಲೇ ಅದರ ಮುಖ ಕಂಡರೆ ಒಳ್ಳೆಯದೆಂದು ನಂಬಿದ ಊರು ನಮ್ಮದು.

ಕತ್ತಲಾಗುವ ಮುಂಚೆಯೇ ಚಿಲಕ ಹಾಕಿ ಬಂದಿದ್ದೇನೆ. ಗುಡ್ಡದ ಕಡೆ ಈಗ ಊಳಿಡುತ್ತಿದೆ.